ಗೌರವಕ್ಕೊಂದು ಅರ್ಜಿ

ಗುರುವಿಗೆ ಗೌರವ ಸಲ್ಲಬೇಕೆಂಬ ಮಾತಿಗೆ ನಮ್ಮ ನಾಡಿನಲ್ಲಿ ಎದುರು ಮಾತಿಲ್ಲ. ಆದರೆ ಆ ಗೌರವ ಬೇಕಾದರೆ ಗುರುವೇ ಅರ್ಜಿ ಹಾಕಿಕೊಳ್ಳಬೇಕೆಂಬ ಏರ್ಪಾಡಿಗೂ ಯಾರೂ ಎದುರು ಮಾತನಾಡುತ್ತಿಲ್ಲವಲ್ಲ, ಅದೇ ನನಗೆ ಸೋಜಿಗ. ವರ್ಷವರ್ಷವೂ ಸೆಪ್ಟೆಂಬರ್ 5ರಂದು ದಿಲ್ಲಿಯಲ್ಲಿ ರಾಷ್ಟ್ರಪತಿಗಳಿಂದ ಪ್ರಶಸ್ತಿ ಪಡೆಯುವ ಶಿಕ್ಷಕರ, ಮುಖ್ಯೋಪಾಧ್ಯಾಯರ ಭಾವಚಿತ್ರಗಳನ್ನು ಪತ್ರಿಕೆಯಲ್ಲಿ ನೋಡಿ ನಾವೆಲ್ಲ ಸಂತೋಷಪಡುತ್ತೇವೆ. ಪಡಬೇಕಾದದ್ದೇ. ಆದರೆ ಆ ಚಿತ್ರಕ್ಕೆ ಕೆಲವು ತಿಂಗಳ ಮೊದಲು ಅದೇ ಶಿಕ್ಷಕರು ತಮ್ಮ ಗುಣಗಾನವನ್ನು ತಾವೇ ಬರೆದು, ಅದಕ್ಕೆ ಸಾಕ್ಷಿ ಪುರಾವೆಗಳನ್ನು ಲಗತ್ತಿಸಿ, 'ಇದೆಲ್ಲ ನಿಜ' ಎಂದು ಪ್ರಮಾಣಮಾಡಿ ಕಳುಹಿಸಿರುತ್ತಾರೆಂಬುದು ನಗರದ ಓದುಗರಲ್ಲಿ ಎಷ್ಟು ಮಂದಿಗೆ ಗೊತ್ತು?

ರಾಷ್ಟ್ರೀಯ ಶಿಕ್ಷಕ ಪ್ರಶಸ್ತಿ ಆರಂಭವಾದದ್ದು 1958ರಲ್ಲಿ. 2018ರಲ್ಲಿ ಅದರ ನಿಯಮಗಳನ್ನು ತಿದ್ದಿದರು. ಅಂದಿನಿಂದ ಶಿಕ್ಷಕರು ತಾವೇ ಜಾಲತಾಣದಲ್ಲಿ ಅರ್ಜಿ ತುಂಬಬೇಕು. ದಾಖಲೆ, ವರದಿ, ಭಾವಚಿತ್ರ, ಧ್ವನಿಮುದ್ರಣ, ಚಲಚ್ಚಿತ್ರದ ತುಣುಕು ಇವನ್ನೆಲ್ಲ ಕೂಡಿಸಿ ಒಂದು ಕಡತ ಒಪ್ಪಿಸಬೇಕು. ಜಿಲ್ಲಾ ಸಮಿತಿ ಅವುಗಳಲ್ಲಿ ಮೂರು ಹೆಸರುಗಳನ್ನು ಆರಿಸಿ ರಾಜ್ಯಕ್ಕೆ ಕಳುಹಿಸುತ್ತದೆ. ರಾಜ್ಯ ಸಮಿತಿ ತಾನು ಆರಿಸಿದ್ದನ್ನು ದಿಲ್ಲಿಯ ತೀರ್ಪುಗಾರರಿಗೆ ಕಳುಹಿಸುತ್ತದೆ. ಗೆದ್ದವರಿಗೆ ಪ್ರಶಸ್ತಿಪತ್ರ, ಬೆಳ್ಳಿಯ ಪದಕ, 50,000 ರೂಪಾಯಿ. ಗೆಲ್ಲುವುದು ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಇದು ಸನ್ಮಾನವಾಗಿ ಉಳಿದಿಲ್ಲ, ಪಂದ್ಯವಾಗಿದೆ.

ನಾನು ಕಾಲೇಜಿನಲ್ಲಿ ಕನ್ನಡ ಹೇಳುವವನು. ಊರು ರಾಯಬಾಗ ತಾಲೂಕಿನ ಪಾಲಬಾವಿ. ಹಳ್ಳಿಯ ಕಡೆ ಕನ್ನಡ ಎಂ.ಎ. ಮಾಡಿದವನಿಗೆ ಮದುವೆಯ ಕರೆಯೋಲೆಯಿಂದ ಹಿಡಿದು ಶ್ರದ್ಧಾಂಜಲಿಯವರೆಗೆ ಎಲ್ಲವನ್ನೂ ಬರೆದುಕೊಡುವ ಹೊಣೆ ತಾನಾಗಿಯೇ ಬರುತ್ತದೆ. ಈಚಿನ ವರ್ಷಗಳಲ್ಲಿ ಆ ಯಾದಿಗೆ ಪ್ರಶಸ್ತಿಯ ಅರ್ಜಿಯೂ ಸೇರಿದೆ. "ಸರ, ವಿಷಯ ಎಲ್ಲಾ ಐತ್ರಿ, ನಿಮ್ಮ ಭಾಷಾದಾಗ ಒಂಚೂರು ಛಂದ ಮಾಡಿ ಕೊಡ್ರಿ" ಎಂದು ಕೇಳಿಕೊಂಡು ಬರುತ್ತಾರೆ. ಅಂಥ ಕಾಗದಗಳನ್ನು ಸಾಕಷ್ಟು ಓದಿದ್ದೇನೆ. ನಾನು ಕಂಡ ಮಟ್ಟಿಗೆ ಹೇಳುವುದಾದರೆ, ಪಾಠದಲ್ಲಿ ಗಟ್ಟಿಗರಾದವರು ಬರೆದು ತಂದದ್ದು ಅರ್ಧ ಪುಟವನ್ನು ದಾಟುವುದಿಲ್ಲ. 'ಮಕ್ಕಳಿಗೆ ಓದಲು ಬರೆಯಲು ಕಲಿಸಿದ್ದೇನೆ' ಎಂಬಲ್ಲಿಗೆ ಅವರ ಆತ್ಮಚರಿತ್ರೆ ಮುಗಿಯುತ್ತದೆ. ಅದು ಅವರ ಕೆಲಸವಲ್ಲವೆ? ಅದರಲ್ಲಿ ಬರೆಯುವುದೇನು? ಇನ್ನು ಸಸಿ ನೆಡುವಾಗ ಒಂದು, ಕಸಬರಿಗೆ ಹಿಡಿದಾಗ ಒಂದು, ಅಧಿಕಾರಿಗಳಿಗೆ ಹಾರ ಹಾಕುವಾಗ ಒಂದು ಎಂದು ಚಿತ್ರ ತೆಗೆಸಿಟ್ಟವರ ಕಡತ ಮಾತ್ರ ಮಠದ ಹೊತ್ತಗೆಯಂತೆ ದಪ್ಪವಾಗಿರುತ್ತದೆ.

ನಮ್ಮ ಸೀಮೆಯ ಶಾಲೆಗಳ ಪರಿಚಯ ಇಲ್ಲದವರಿಗೆ ಒಂದು ಮಾತು. ರಾಯಬಾಗ, ಅಥಣಿ, ಚಿಕ್ಕೋಡಿ ಕಡೆ ಒಕ್ಕಲುತನದವರು ಬಹಳ ಜನ ಊರೊಳಗೆ ಇರುವುದಿಲ್ಲ; ಹೊಲದಲ್ಲಿಯೇ ಮನೆ ಕಟ್ಟಿಕೊಂಡು ಇರುತ್ತಾರೆ. ಅದಕ್ಕೆ ತೋಟ ಎನ್ನುತ್ತೇವೆ. ಹಾಗೆ ನಾಲ್ಕಾರು ಮನೆತನಗಳಿರುವಲ್ಲಿ ಸರಕಾರದ ಒಂದು ಕಿರಿಯ ಪ್ರಾಥಮಿಕ ಶಾಲೆ. ಅದರ ಹೆಸರೂ ಆ ತೋಟದ್ದೇ. ಅಂಥ ಒಂದು ತೋಟದ ಶಾಲೆಯಲ್ಲಿ ಒಬ್ಬ ಮುಖ್ಯೋಪಾಧ್ಯಾಯರಿದ್ದರು. ಮುಖ್ಯೋಪಾಧ್ಯಾಯರೆಂದರೆ ದೊಡ್ಡ ಕುರ್ಚಿ ಎಂದು ತಿಳಿಯಬೇಡಿ. ಪಾಠ ಹೇಳುವವರೂ ಅವರೇ, ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ ಇಡುವವರೂ ಅವರೇ, ಕೀಲಿ ತೆಗೆಯುವವರೂ ಅವರೇ. ಕಬ್ಬಿನ ಸುಗ್ಗಿ ಬಂತೆಂದರೆ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಕಡಿಯುವ ಗ್ಯಾಂಗಿನವರು ನಮ್ಮ ಕಡೆ ಬಂದು ಹೊಲದಲ್ಲಿ ಜೋಪಡಿ ಹಾಕುತ್ತಾರೆ. ತಾಯಿತಂದೆ ಬೆಳಗಿನ ಜಾವಕ್ಕೇ ಫಡಕ್ಕೆ ಹೋದರೆ ಮಕ್ಕಳು ಜೋಪಡಿ ಕಾಯುತ್ತ ಕೂಡುವುವು. ಈ ಮಾಸ್ತರರು ಪ್ರತಿ ವರ್ಷ ಆ ನಾಲ್ಕು ತಿಂಗಳು ಜೋಪಡಿಗೆ ಹೋಗಿ ಆ ಮಕ್ಕಳನ್ನು ಕರೆತಂದು, ತಮಗೆ ಬರುವ ಹರಕುಮುರುಕು ಮರಾಠಿಯಲ್ಲಿ ಲೆಕ್ಕ ಕಲಿಸಿ, ಉಳಿದ ಮಕ್ಕಳೊಡನೆ ಊಟಕ್ಕೆ ಕೂಡಿಸುತ್ತಿದ್ದರು. ಮಾರ್ಚಿಯಲ್ಲಿ ಗ್ಯಾಂಗು ಹೋಗುತ್ತಿತ್ತು, ಮಕ್ಕಳೂ ಹೋಗುತ್ತಿದ್ದುವು. ಫಲಿತಾಂಶದ ಯಾವ ಕೋಷ್ಟಕದಲ್ಲಿಯೂ ಆ ಮಕ್ಕಳಿಲ್ಲ. ಅರ್ಜಿ ಹಾಕಿರೆಂದು ನಾನೇ ಒಂದು ಸಲ ಒತ್ತಾಯಿಸಿದಾಗ ನಕ್ಕು, "ಸರ, ಇಷ್ಟ ಹೊಗಳಿಕೊಳ್ಳೂದು ನಾ ಕನ್ಯಾ ನೋಡಾಕ ಹೋದಾಗ ಸುದ್ದಾ ಮಾಡಿರಲಿಲ್ಲರಿ" ಎಂದರು. ನಿವೃತ್ತರಾದರು. ಪ್ರಶಸ್ತಿ ಬರಲಿಲ್ಲ, ಬರುವ ದಾರಿಯೇ ಇರಲಿಲ್ಲ.

ಅವರ ಸಂಕೋಚವನ್ನು ಹಳ್ಳಿಗನ ಮುಜುಗರವೆಂದು ತಳ್ಳಿಹಾಕಬಾರದು. ಅದರ ಹಿಂದೆ ನಮ್ಮ ಸಂಸ್ಕೃತಿಯ ಒಂದು ಗಟ್ಟಿಯಾದ ತಿಳಿವು ಇದೆ. ಮಹಾಭಾರತದ ಕರ್ಣಪರ್ವದಲ್ಲಿ ಗಾಂಡೀವವನ್ನು ಜರೆದ ಅಣ್ಣನ ಮೇಲೆ ಅರ್ಜುನ ಕತ್ತಿ ಹಿರಿಯುವ ಪ್ರಸಂಗ ಓದುಗರಿಗೆ ತಿಳಿದದ್ದೇ. ಹಿರಿಯನನ್ನು ಹೀನವಾಗಿ ನುಡಿದರೆ ಕೊಂದಂತೆಯೇ ಎಂದು ಕೃಷ್ಣ ಅವನನ್ನು ತಡೆಯುತ್ತಾನೆ. ನುಡಿದಮೇಲೆ ಪಶ್ಚಾತ್ತಾಪದಿಂದ ಅರ್ಜುನ ತನ್ನನ್ನೇ ಕೊಂದುಕೊಳ್ಳಲು ಹೊರಟಾಗ ಕೃಷ್ಣ ಕೊಡುವ ಉಪಾಯವೇನು? ನಿನ್ನನ್ನು ನೀನೇ ಹೊಗಳಿಕೊ. ಅದು ಆತ್ಮಹತ್ಯೆಗೆ ಸಮ. ಯಾವುದನ್ನು ಕೃಷ್ಣ ಸಾವಿನ ಬದಲಿಗೆ ವಿಧಿಸಿದನೋ ಅದನ್ನೇ ನಾವು ಶಿಕ್ಷಕರಿಗೆ ಸನ್ಮಾನದ ಮೊದಲ ಮೆಟ್ಟಿಲು ಮಾಡಿಟ್ಟಿದ್ದೇವೆ!

ಇದಕ್ಕೆ ಪ್ರತಿವಾದ ಇಲ್ಲವೆಂದಲ್ಲ. ಹಳೆಯ ಪದ್ಧತಿ ಏನು ಬಂಗಾರವಾಗಿತ್ತೆ ಎಂದು ಕೇಳುವವರಿದ್ದಾರೆ. ಇರಲಿಲ್ಲ. ಆಗ 300ಕ್ಕೂ ಮಿಕ್ಕಿ ರಾಷ್ಟ್ರಪ್ರಶಸ್ತಿಗಳಿದ್ದುವು. ಹೆಸರು ಮೇಲಕ್ಕೆ ಹೋಗಬೇಕಾದರೆ ಸರಕಾರಿ ಕಚೇರಿಗಳ ಮೂಲಕವೇ ಹೋಗಬೇಕಾಗಿತ್ತು. ಸಾಹೇಬರ ಮರ್ಜಿ ಹಿಡಿದವನಿಗೆ, ಪುಢಾರಿಗಳ ಬಾಗಿಲು ಕಾಯ್ದವನಿಗೆ ದಾರಿ ಸುಗಮವಾಗಿತ್ತೆಂಬ ದೂರು ಸುಳ್ಳಲ್ಲ. ಸಂಖ್ಯೆಯನ್ನು 50ರ ಆಸುಪಾಸಿಗೆ ಇಳಿಸಿದ್ದೂ, ಯಾರ ಕಾಲನ್ನೂ ಹಿಡಿಯದೆ ಶಿಕ್ಷಕ ತಾನೇ ಮುಂದೆ ಬರುವಂತೆ ಮಾಡಿದ್ದೂ ಒಳ್ಳೆಯ ಉದ್ದೇಶದಿಂದಲೇ. ಆದರೆ ಪರರ ಕಾಲು ಹಿಡಿಯುವುದನ್ನು ಬಿಡಿಸಿ, ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ಹೇಳಿದ್ದು ಯಾವ ಸುಧಾರಣೆ? ಎರಡರಲ್ಲಿಯೂ ಕೆಟ್ಟದ್ದು ಒಂದೇ: ಕೊಡುವವನು ಕುಳಿತಲ್ಲಿಂದ ಏಳುವುದಿಲ್ಲ.

ಕುಳಿತು ಕಡತ ಓದಿದರೆ ಏನಾಗುತ್ತದೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. 2024ರ ಸೆಪ್ಟೆಂಬರಿನಲ್ಲಿ ನಮ್ಮ ರಾಜ್ಯವೇ ಕುಂದಾಪುರದ ಸರಕಾರಿ ಪದವಿಪೂರ್ವ ಕಾಲೇಜಿನ ಪ್ರಾಚಾರ್ಯರೊಬ್ಬರಿಗೆ ಉತ್ತಮ ಪ್ರಾಚಾರ್ಯ ಪ್ರಶಸ್ತಿಯನ್ನು ಪ್ರಕಟಿಸಿತು. 2022ರ ಹಿಜಾಬ್ ವಿವಾದದ ಕಾಲದ ಅವರ ನಡವಳಿಕೆಯ ಬಗ್ಗೆ ಆಕ್ಷೇಪ ಎದ್ದೊಡನೆ ಅದನ್ನು ತಡೆಹಿಡಿಯಿತು. ಆ ವಿವಾದದಲ್ಲಿ ಯಾರು ಸರಿ ಎಂಬುದು ಇಲ್ಲಿಯ ಪ್ರಶ್ನೆಯಲ್ಲ. ಅವರು ಪ್ರಶಸ್ತಿಗೆ ಯೋಗ್ಯರಾಗಿದ್ದರೆ ತಡೆಹಿಡಿದದ್ದು ಅನ್ಯಾಯ. ಅಲ್ಲವಾಗಿದ್ದರೆ ಪ್ರಕಟಿಸಿದ್ದು ಅವಿವೇಕ. ದೇಶವೆಲ್ಲ ಪತ್ರಿಕೆಯಲ್ಲಿ ಓದಿದ ಸಂಗತಿ ಆರಿಸುವವರ ಮೇಜಿಗೆ ಪ್ರಕಟಣೆಯ ಮೇಲೆಯೇ ತಲುಪಿತೆಂದರೆ, ಅವರು ನೋಡಿದ್ದು ಕಾಗದವನ್ನೇ ಹೊರತು ಶಾಲೆಯನ್ನಲ್ಲ.

ಇನ್ನೊಂದು ವಾದ ಇದಕ್ಕಿಂತ ಬಲವಾದದ್ದು. ಅರ್ಜಿಯೇ ಇಲ್ಲದಿದ್ದರೆ ಮೂಲೆಯ ಹಳ್ಳಿಯ ಶಿಕ್ಷಕ ಬೆಳಕಿಗೆ ಬರುವುದು ಹೇಗೆ? ಇದಕ್ಕೆ ನಮ್ಮ ನೆರೆಯ ಸೊಲ್ಲಾಪುರ ಜಿಲ್ಲೆಯ ಉದಾಹರಣೆಯನ್ನು ಕೊಡುತ್ತಾರೆ. ಅಲ್ಲಿಯ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ರಣಜಿತಸಿಂಹ ಡಿಸಲೆಯವರಿಗೆ 2020ರ ಡಿಸೆಂಬರಿನಲ್ಲಿ ಹತ್ತು ಲಕ್ಷ ಡಾಲರುಗಳ ಜಾಗತಿಕ ಶಿಕ್ಷಕ ಪ್ರಶಸ್ತಿ ಬಂತು. 12,000ಕ್ಕೂ ಹೆಚ್ಚು ಹೆಸರುಗಳೂ ಅರ್ಜಿಗಳೂ ಬಂದಿದ್ದುವಂತೆ. ಮಕ್ಕಳ ಮನೆಮಾತು ಕನ್ನಡವಾಗಿದ್ದುದರಿಂದ ಅವರು ಕನ್ನಡ ಕಲಿತು, ಒಂದರಿಂದ ನಾಲ್ಕನೆಯ ತರಗತಿಯ ಪುಸ್ತಕಗಳನ್ನು ಮಕ್ಕಳಿಗೆ ತಿಳಿಯುವಂತೆ ಮಾರ್ಪಡಿಸಿದರೆಂದು ಪ್ರಶಸ್ತಿ ಕೊಟ್ಟವರ ಟಿಪ್ಪಣಿ ಹೇಳಿತು. ಓದಿ ಹೆಮ್ಮೆಪಟ್ಟೆವು. ಆದರೆ ಹೆಮ್ಮೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಕೇಳಬೇಕಾಗಿತ್ತು: ಪಕ್ಕದ ಜಿಲ್ಲೆಯ ಮಕ್ಕಳಿಗೆ ಮನೆಮಾತಿನ ಪಾಠ ಬೇಕಾಗಿತ್ತೆಂಬುದನ್ನು ನಮಗೆ ಲಂಡನ್ನಿನಿಂದ ಹೇಳಬೇಕಾಯಿತೆ? ಡಿಸಲೆಯವರು ಬಹುಮಾನದ ಅರ್ಧ ಹಣವನ್ನು ಅಂತಿಮ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು. ಒಬ್ಬನನ್ನೇ ಎತ್ತಿ ನಿಲ್ಲಿಸುವ ಪಂದ್ಯಕ್ಕೆ ಗೆದ್ದವರೇ ಕೊಟ್ಟ ಉತ್ತರವದು. 2022ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನಕ್ಕಾಗಿ ಅವರು ಕೇಳಿದ ರಜೆ ಇಲಾಖೆಯಲ್ಲಿ ವಿವಾದವಾಗಿ ಮಂತ್ರಿಗಳೇ ನಡುವೆ ಬರಬೇಕಾಯಿತು. ಲೋಕ ಮೆಚ್ಚಿದವನೂ ರಜೆಯ ಅರ್ಜಿ ಹಿಡಿದು ನಿಲ್ಲುವುದು ತಪ್ಪಲಿಲ್ಲ.

ಹುಡುಕಿ ಗೌರವಿಸುವುದು ಅಸಾಧ್ಯವೆಂಬ ಮಾತನ್ನು ಒಪ್ಪಲಾರೆ. ಮಂಗಳೂರಿನಲ್ಲಿ ಕಿತ್ತಳೆ ಮಾರಿ ಬಂದ ಹಣದಿಂದ ತಮ್ಮೂರಿಗೆ ಶಾಲೆ ತರಿಸಿದ ಹರೇಕಳ ಹಾಜಬ್ಬನವರಿಗೆ 2020ರಲ್ಲಿ ಪದ್ಮಶ್ರೀ ಪ್ರಕಟವಾಯಿತು. ತಮ್ಮ ಸಾಧನೆಯ ಕಡತ ಕಟ್ಟುವ ಅಕ್ಷರವಿದ್ಯೆ ಅವರಿಗಿರಲಿಲ್ಲ. ಮೊದಲು ಕಂಡದ್ದು ಊರು, ಆಮೇಲೆ ಪತ್ರಿಕೆಗಳು, ಕೊನೆಗೆ ಸರಕಾರ. ಗೌರವ ಬರಬೇಕಾದ ಕ್ರಮ ಅದು.

ನಮ್ಮ ಗಡಿಸೀಮೆಗೆ ಈ ಕ್ರಮ ಹೊಸದೂ ಅಲ್ಲ. ಬೆಳಗಾವಿ, ಧಾರವಾಡ ಕಡೆಯ ಶಾಲೆಗಳಲ್ಲಿ ಮರಾಠಿಯೇ ನಡೆಯುತ್ತಿದ್ದ 19ನೆಯ ಶತಮಾನದಲ್ಲಿ ಕನ್ನಡ ಶಾಲೆಗಳನ್ನು ತೆರೆಸಿದ ಚನ್ನಬಸಪ್ಪನವರು ಶಿಕ್ಷಣ ಖಾತೆಯಲ್ಲಿ ಡೆಪ್ಯುಟಿ ಇನ್ಸ್ಪೆಕ್ಟರರಾಗಿದ್ದರು. ಜನ ಆ ಹುದ್ದೆಯನ್ನೇ ಅವರ ಹೆಸರಿಗೆ ಅಂಟಿಸಿ ಇಂದಿಗೂ 'ಡೆಪ್ಯುಟಿ ಚನ್ನಬಸಪ್ಪ' ಎಂದೇ ಕರೆಯುತ್ತಾರೆ. ಅದಕ್ಕಿಂತ ದೊಡ್ಡ ಪದಕ ಯಾವುದು? ಇನ್ನು ಯಾರ ಹುಟ್ಟಿದ ದಿನವನ್ನು ನಾವು 1962ರಿಂದ ಶಿಕ್ಷಕರ ದಿನವಾಗಿ ಆಚರಿಸುತ್ತಿದ್ದೇವೆಯೋ ಆ ರಾಧಾಕೃಷ್ಣನ್ನರನ್ನೇ ನೋಡಿ. 1918ರಿಂದ ಮೂರು ವರ್ಷ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿದ್ದು 1921ರಲ್ಲಿ ಕಲಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಹೂವಿನಿಂದ ಸಿಂಗರಿಸಿದ ಗಾಡಿಯನ್ನು ತಾವೇ ಎಳೆದುಕೊಂಡು ಅವರನ್ನು ರೈಲು ನಿಲ್ದಾಣಕ್ಕೆ ಮುಟ್ಟಿಸಿದರು. ಆ ಗಾಡಿಗೆ ಅವರು ಅರ್ಜಿ ಹಾಕಿರಲಿಲ್ಲ. ಅವರ ಹೆಸರಿನ ದಿನದಂದೇ ಅರ್ಜಿ ಹಾಕಿದವರನ್ನು ಮಾತ್ರ ಗೌರವಿಸುತ್ತೇವೆ!

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದಾಗಿ, ಶಿಕ್ಷಕರಿಂದ ಅರ್ಜಿ ಕೇಳುವುದನ್ನು ನಿಲ್ಲಿಸಿ. ಹೆಸರು ಸೂಚಿಸುವ ಹಕ್ಕು ಹಳೆಯ ವಿದ್ಯಾರ್ಥಿಗಳಿಗಿರಲಿ. ಅದೂ ಶಾಲೆ ಬಿಟ್ಟು ಹತ್ತು ವರ್ಷ ಕಳೆದವರಿಗೆ. ಯಾರು ಕಲಿಸಿದರು, ಯಾರು ಕಾಲ ಕಳೆದರು ಎಂಬುದು ಅಷ್ಟು ಹೊತ್ತಿಗೆ ಅವರಿಗೆ ತಿಳಿದಿರುತ್ತದೆ. ಊರಿಗೆ ಬಿಟ್ಟರೆ ಜಾತಿ, ಪಕ್ಷ ನುಸುಳುತ್ತವೆ ಎನ್ನುವಿರಾ? ನುಸುಳುತ್ತವೆ. ಆದ್ದರಿಂದಲೇ ಎರಡನೆಯದು: ಸೂಚಿತವಾದ ಶಾಲೆಗೆ ಆರಿಸುವವರು ಮುನ್ಸೂಚನೆ ಇಲ್ಲದೆ ಹೋಗಿ ಎರಡು ದಿನ ಹಿಂದಿನ ಬೆಂಚಿನಲ್ಲಿ ಕೂಡಲಿ, ಮಗುವಿನ ಕೈಗೆ ಪುಸ್ತಕ ಕೊಟ್ಟು ಓದಿಸಲಿ. ಮೂರನೆಯದು: ಗುತ್ತಿಗೆಯ ಶಿಕ್ಷಕರು ರಾಷ್ಟ್ರಪ್ರಶಸ್ತಿಗೆ ಅರ್ಹರಲ್ಲವೆಂಬ ನಿಯಮವನ್ನು ತೆಗೆಯಿರಿ. ನಮ್ಮ ಎಷ್ಟೋ ತೋಟದ ಶಾಲೆಗಳ ಬಾಗಿಲು ತೆರೆದಿರುವುದು ಅತಿಥಿ ಶಿಕ್ಷಕರಿಂದ. ವರ್ಷವಿಡೀ ಪಾಠ ಹೇಳುವವರನ್ನು ಅತಿಥಿ ಎಂದು ಕರೆದು, ಪಂಕ್ತಿಗೆ ಮಾತ್ರ ಕೂಡಿಸದಿರುವುದು ಯಾವ ಮನೆಯ ರೀತಿ?

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಒಳ್ಳೆಯ ಮುಖ್ಯೋಪಾಧ್ಯಾಯರಿಗೆ ಶಾಲು ಹೊದಿಸಿ ಖಾಲಿ ಶಾಲೆಗೆ ಹಿಂದಕ್ಕೆ ಕಳುಹಿಸಬೇಡಿ. ಅವರ ಜೊತೆಗೆ ಕೆಲಸ ಮಾಡಲು ಇಬ್ಬರು ಶಿಕ್ಷಕರನ್ನು, ಲೆಕ್ಕಪತ್ರಕ್ಕೊಬ್ಬ ಗುಮಾಸ್ತನನ್ನು ಕೊಡಿ. ಪಾಠ ಹೇಳಲು ಬಿಡುವು ಸಿಕ್ಕರೆ ಅದೇ ಅವರಿಗೆ ಪ್ರಶಸ್ತಿ. ಬೆಳ್ಳಿಯ ಪದಕವನ್ನು ನೋಡಲು ಮನೆಗೆ ನಾಲ್ಕು ಜನ ಬರುತ್ತಾರೆ. ಶಿಕ್ಷಕರು ತುಂಬಿದ ಶಾಲೆಗೆ ಊರ ಮಕ್ಕಳೆಲ್ಲ ಬರುತ್ತಾರೆ.

ಶಿಕ್ಷಕರ ಅರ್ಜಿಗಳಿಗಾಗಿ ಸರಕಾರ ಪ್ರತಿವರ್ಷ ಕೊನೆಯ ದಿನಾಂಕ ಗೊತ್ತುಮಾಡುತ್ತದೆ. ಇತ್ತ ತಾಲೂಕು ತಾಲೂಕುಗಳ ತೋಟಗಳಿಂದ, ಹಳ್ಳಿಗಳಿಂದ ಬೇರೊಂದು ಅರ್ಜಿ ವರ್ಷಗಟ್ಟಲೆ ಹೋಗುತ್ತಲೇ ಇದೆ: ನಮ್ಮ ಶಾಲೆಗೆ ಮಾಸ್ತರರನ್ನು ಕೊಡಿರಿ ಎಂದು. ಅದಕ್ಕೆ ಛಂದದ ಭಾಷೆಯಿಲ್ಲ, ಚಿತ್ರಗಳ ಲಗತ್ತಿಲ್ಲ; ಪಾಲಕರ ಹೆಬ್ಬೆಟ್ಟು, ಸಹಿ ಇಷ್ಟೇ. ಮೊದಲು ಆ ಅರ್ಜಿಗೆ ಕೊನೆಯ ದಿನಾಂಕ ಗೊತ್ತಾಗಲಿ.