ಕೀ ಗೊಂಚಲು ಭಾರವಾದ್ರೆ ಯಾರ ತಪ್ಪು?

2014ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಯಿತು. ಇಗ್ನಿಷನ್ ಸ್ವಿಚ್ ಸಡಿಲ. ಗೊಂಚಲಿನ ಭಾರಕ್ಕೇ ಕೀ ತಿರುಗಿ, ಓಡುವ ಕಾರಿನ ಎಂಜಿನ್ ಬಂದ್ ಆಗಬಹುದಿತ್ತು. ಆಮೇಲೆ ಡಿಕ್ಕಿಯಾದರೆ ಏರ್‌ಬ್ಯಾಗೂ ಬಿಚ್ಚಿಕೊಳ್ಳಲ್ಲ. ರಿಪೇರಿ ಆಗೋವರೆಗೆ ಮಾಲೀಕರಿಗೆ ಸಿಕ್ಕ ಸಲಹೆ: ಗೊಂಚಲು ತೆಗೀರಿ, ಕೀ ಒಂದನ್ನೇ ಬಳಸಿ!

ಸಿಟ್ಟು ಬರದೆ ಇರುತ್ತಾ? ಕಾರಿನ ಬೆಲೆ ಬಿತ್ತೆಂದು ಮಾಲೀಕರು ಕೋರ್ಟಿಗೆ ಹೋದರು. ಸತ್ತವರ ಫೋಟೊ ಹಿಡಿದು ಕುಟುಂಬಗಳು ವಾಷಿಂಗ್ಟನ್‌ಗೆ ಬಂದವು. ಅದು ಅತಿಯಾಯ್ತು ಅನ್ನೋರು ಇದನ್ನು ಗಮನಿಸಬೇಕು: ದೋಷದ ಸುಳಿವು ಕಂಪನಿಯೊಳಗೆ ಹತ್ತು ವರ್ಷದಿಂದ ಇತ್ತು. 2006ರಲ್ಲಿ ಸ್ವಿಚ್ ಬದಲಾಯಿತು, ಪಾರ್ಟ್ ನಂಬರ್ ಬದಲಾಗಲಿಲ್ಲ. ಎಂಜಿನಿಯರಿಂಗ್ ಓದಿದ ನನಗೆ ಸಡಿಲ ಸ್ವಿಚ್‌ಗಿಂತ ಇದೇ ದೊಡ್ಡ ಅಪರಾಧ. ಹಳೇದು, ಹೊಸದು ಯಾವುದೆಂದು ತನಿಖೆ ಮಾಡೋರಿಗೂ ಗೊತ್ತಾಗಲಿಲ್ಲ.

ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ಕಂಪನಿ 2015ರಲ್ಲಿ 90 ಕೋಟಿ ಡಾಲರ್ ಕಟ್ಟಲು ಒಪ್ಪಿತು. ಯಾರೂ ಜೈಲಿಗೆ ಹೋಗಲಿಲ್ಲ.