ವಿದ್ಯಾನಗರಿಗೊಂದು ಕಾಫಿಮನೆ ಬೇಕು

ಮೈಸೂರಿನಲ್ಲಿ ಎಲ್ಲಿ ತಿನ್ನಬೇಕೆಂದು ಕೇಳುವವರಿಗೆ ನಾನು ನಜರಬಾದಿನ ಮೈಲಾರಿ ದೋಸೆಯನ್ನೂ ಗೋಕುಲಂನಲ್ಲಿ ಯೋಗಾರ್ಥಿಗಳು ಸೇರುವ ಕೆಫೆಗಳನ್ನೂ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆದರೆ ದೋಸೆಯ ಹೋಟೆಲಿನಲ್ಲಿ ಜನ ಕಾದು ನಿಂತಿರುವಾಗ ತಿಂದೊಡನೆ ಏಳಬೇಕು. ಕೆಫೆಯಲ್ಲಿ ಕೂರುವುದಕ್ಕೂ ಬೆಲೆ ತೆರಬೇಕು. ಹಾಸ್ಟೆಲಿನ ವಿದ್ಯಾರ್ಥಿಗೆ ಬೇಕಾದದ್ದು ಇವೆರಡರ ನಡುವಿನದು: ಒಂದು ಲೋಟ ಕಾಫಿ, ಒಂದು ಗಂಟೆಯ ಮಾತು.

ಈ ಅವಕಾಶ ಕುಗ್ಗುತ್ತಿದ್ದರೆ ಅದಕ್ಕೆ ಮಾಲೀಕರ ದುರಾಸೆಯನ್ನಷ್ಟೇ ದೂರಿ ಫಲವಿಲ್ಲ. 2024-25ರಲ್ಲಿ ಕಾಫಿ ಬೀಜದ ಬೆಲೆ ದಾಖಲೆ ಮಟ್ಟಕ್ಕೇರಿತು, ಬಾಡಿಗೆಯಂತೂ ಇಳಿಯುವುದಿಲ್ಲ. ಅಂಥ ಲೆಕ್ಕದಲ್ಲಿ ಖಾಲಿ ಲೋಟದ ಮುಂದೆ ಕುಳಿತವನು ನಷ್ಟದ ಬಾಬತ್ತು.

ಇದಕ್ಕೆ ಪರಿಹಾರ ನಮ್ಮಲ್ಲೇ ಇದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಿದಾಗ ಎ.ಕೆ. ಗೋಪಾಲನ್ ಅವರ ಪ್ರೇರಣೆಯಿಂದ ನೌಕರರೇ ಸಹಕಾರ ಸಂಘ ಕಟ್ಟಿದರು. 1957ರಲ್ಲಿ ಮೊದಲ ಸಂಘ ಹುಟ್ಟಿದ್ದು ಬೆಂಗಳೂರಿನಲ್ಲಿ. ಕೋಲ್ಕತ್ತದ ಕಾಲೇಜ್ ಸ್ಟ್ರೀಟಿನ ಕಾಫಿ ಹೌಸ್ ಇಂದಿಗೂ ವಿದ್ಯಾರ್ಥಿಗಳ ಚಾವಡಿ.

1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯಕ್ಕೆ ಮಾನಸಗಂಗೋತ್ರಿಯ ವಿಶಾಲ ಆವರಣವಿದೆ. ಅಲ್ಲಿ ಇಂಥದೊಂದು ಸಂಘಕ್ಕೆ ಕಡಿಮೆ ಬಾಡಿಗೆಗೆ ಜಾಗ ಕೊಟ್ಟರೆ ಬೊಕ್ಕಸಕ್ಕೆ ದೊಡ್ಡ ಹೊರೆಯಾಗದು. ತರಗತಿಯಲ್ಲಿ ಕೇಳಲು ಹಿಂಜರಿದ ಪ್ರಶ್ನೆಗಳನ್ನು ವಿದ್ಯಾರ್ಥಿಗಳು ಪರಸ್ಪರ ಕೇಳಿಕೊಳ್ಳುವುದು ಇಂಥ ಮೇಜುಗಳ ಸುತ್ತಲೇ ಅಲ್ಲವೇ?