ಆಮೆ ನರಳಿದರೆ ತಿಳಿಯುವುದು ಹೇಗೆ?

ಮಸ್ಕತ್ತಿನಲ್ಲಿ ನಮ್ಮವರ ಫ್ಲ್ಯಾಟುಗಳಲ್ಲಿ ಸಾಕುಪ್ರಾಣಿ ಎಂದರೆ ಹೆಚ್ಚಾಗಿ ಲವ್ ಬರ್ಡ್ಸ್, ಅಕ್ವೇರಿಯಂ ಮೀನು, ಸ್ವಲ್ಪ ಧೈರ್ಯಸ್ಥರ ಮನೆಯಲ್ಲಿ ಬೆಕ್ಕು. ಆಮೆಯೂ ಈ ಸಾಲಿಗೆ ಸೇರಿ ಬಹಳ ವರ್ಷವಾಯಿತು. ಸದ್ದಿಲ್ಲ, ಕೂದಲು ಉದುರುವುದಿಲ್ಲ, ಕೆಳಗಿನ ಮನೆಯವರ ತಕರಾರಿಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆಂದು ಅಂಗೈಯಗಲದ ಮರಿಯೊಂದನ್ನು ತಂದುಬಿಡುತ್ತೇವೆ. ಅದು ಆಫ್ರಿಕಾದ ಸುಲ್ಕಾಟಾ ಜಾತಿಯದಾದರೆ ಮುಂದೆ 40-50 ಕಿಲೋ ತೂಗುತ್ತದೆ. ನಮ್ಮ ವೀಸಾ, ನಮ್ಮ ನೌಕರಿ, ಕಡೆಗೆ ನಮ್ಮನ್ನೂ ದಾಟಿ ಬದುಕಬಲ್ಲದು. ಇದನ್ನು ಮಾರುವವರು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ.

ಈ ಅಂಕಣ ಓದುವ ಎರಡು ಮೂರು ಮನೆಗಳಿಂದ ಈ ವರ್ಷ ಒಂದೇ ಪ್ರಶ್ನೆ ಬಂತು. "ಆಮೆಗೆ ವಾಸಿಯಾಗದ ಕಾಯಿಲೆ. ಅದು ನೆಮ್ಮದಿಯಾಗಿದೆಯೋ, ನರಳುತ್ತಿದೆಯೋ ಗೊತ್ತಾಗುವುದು ಹೇಗೆ ಸಾರ್? ಎಷ್ಟು ದಿನ ಹೀಗೆ ಇಡುವುದು?"

ಕಷ್ಟದ ಪ್ರಶ್ನೆ. ನಾಯಿ ಕುಂಯ್‌ಗುಡುತ್ತದೆ, ಬೆಕ್ಕು ಮೂಲೆ ಹಿಡಿಯುತ್ತದೆ, ಹಸು ಕಣ್ಣೀರು ಹಾಕುತ್ತದೆ ಎಂದು ನಮ್ಮ ಅಜ್ಜಿಯರೇ ಹೇಳುತ್ತಿದ್ದರು. ಆಮೆ? ಆರೋಗ್ಯವಾಗಿದ್ದಾಗಲೂ ದಿನದ ಅರ್ಧ ಹೊತ್ತು ಸುಮ್ಮನೆ ಕೂತಿರುತ್ತದೆ. ಅಂಗಾಂಗಗಳನ್ನು ಒಳಗೆಳೆದುಕೊಂಡ ಆಮೆಯನ್ನು ಗೀತೆ ಸ್ಥಿತಪ್ರಜ್ಞನಿಗೆ ಹೋಲಿಸಿದೆ. ಹೋಲಿಕೆ ಸುಂದರವಾದದ್ದೇ. ಆದರೆ ಪಶುವೈದ್ಯರು ಅದನ್ನು ಬೇರೆ ರೀತಿ ಓದುತ್ತಾರೆ: ಒಳಸರಿದೇ ಇರುವ ಆಮೆಗೆ ಭಯವಿದೆ, ಚಳಿಯಿದೆ, ಇಲ್ಲವೇ ನೋವಿದೆ.

ನಮ್ಮ ಮನೆಗಳ ಆಮೆಗಳಿಗೆ ಬರುವ ಕಾಯಿಲೆ ಬಹುಪಾಲು ನಮ್ಮ ಮನೆಗಳಿಂದಲೇ ಬಂದದ್ದು. ಆಮೆಗೆ ಮೈಯಲ್ಲಿ ಸ್ವಂತ ಬಿಸಿ ಇಲ್ಲ. ಜೀರ್ಣಶಕ್ತಿ, ರೋಗನಿರೋಧಕ ಶಕ್ತಿ ಎಲ್ಲವೂ ಹೊರಗಿನ ಶಾಖವನ್ನೇ ನಂಬಿವೆ. ಹೊರಗೆ 45 ಡಿಗ್ರಿ ಎಂದು ನಾವು 22ಕ್ಕೆ ಎಸಿ ಹಾಕಿ ಕೂರುತ್ತೇವೆ, ಅದು ಸೋಫಾ ಕೆಳಗಿನ ತಣ್ಣನೆ ಟೈಲ್ಸ್ ಮೇಲೆ ಕೂರುತ್ತದೆ. "ಕಿಟಕಿ ಪಕ್ಕ ಬಿಸಿಲಿಗೆ ಇಡುತ್ತೇವಲ್ಲ" ಎನ್ನುತ್ತಾರೆ. ಡಿ ವಿಟಮಿನ್ ಹುಟ್ಟಿಸುವ ಅಲ್ಟ್ರಾವಯೊಲೆಟ್-ಬಿ ಕಿರಣ ಕಿಟಕಿ ಗಾಜನ್ನು ದಾಟಿ ಬರುವುದೇ ಇಲ್ಲ. ಡಿ ಇಲ್ಲದೆ ಕ್ಯಾಲ್ಸಿಯಂ ಮೈಗೆ ಹತ್ತದು. ಚಿಪ್ಪು ಮೆತ್ತಗಾಗುತ್ತದೆ, ದವಡೆ ಸೋಲುತ್ತದೆ, ಹಿಂಗಾಲು ಎಳೆಯುತ್ತದೆ. ಬಿಸಿಲಿಗೆ ಇಷ್ಟು ಹೆಸರಾದ ಒಮಾನಿನಲ್ಲಿ ಬಿಸಿಲಿಲ್ಲದೆ ಆಮೆ ಮೂಳೆ ಮೆತ್ತಗಾಗಿ ಸಾಯುವುದೆಂದರೆ ಏನು ಹೇಳೋಣ! ಹಾಗೆಂದು ಜೂನ್ ತಿಂಗಳ ಮಧ್ಯಾಹ್ನ ಬಾಲ್ಕನಿಗೆ ಬಿಟ್ಟೀರಿ ಜೋಕೆ, ಬೆಂದೇ ಹೋಗುತ್ತದೆ. ಬೇಸಿಗೆಯಲ್ಲಿ ಬೆಳಗಿನ ಎಳೆಬಿಸಿಲು, ಪಕ್ಕದಲ್ಲೇ ನೆರಳು.

ಬೇಗ ಗೊತ್ತಾದರೆ ಬಿಸಿಲು, ದೀಪ, ಕ್ಯಾಲ್ಸಿಯಂನಿಂದ ಚೇತರಿಸಿಕೊಳ್ಳುತ್ತದೆ. ಸೊಟ್ಟಗಾದ ಚಿಪ್ಪು ನೆಟ್ಟಗಾಗದು, ಆದರೆ ಸೊಟ್ಟ ಚಿಪ್ಪಿನಲ್ಲೂ ಸುಖವಾಗಿ ಬಾಳುವ ಆಮೆಗಳಿವೆ. ಮೂತ್ರಪಿಂಡ ಕೆಟ್ಟು ಕೀಲುಗಳಲ್ಲಿ ಯೂರಿಕ್ ಆಮ್ಲ ಕಟ್ಟಿಕೊಂಡರೆ ಮಾತ್ರ ಬೇರೆ ಕಥೆ. ಅದು ಮನುಷ್ಯರ ಗೌಟ್‌ನಂತೆಯೇ ಯಾತನೆಯ ಕಾಯಿಲೆ.

ಸಾಕುಪ್ರಾಣಿಗಳ ಕೊನೆಗಾಲದ ಬದುಕನ್ನು ತೂಗಲು ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಲೋಬೋಸ್ 2004ರಲ್ಲಿ ಒಂದು ಅಳತೆಗೋಲು ಕೊಟ್ಟರು. ನೋವು, ಹಸಿವು, ನೀರಿನಂಶ, ಶುಚಿ, ಖುಷಿ, ಓಡಾಟ, ಕೆಟ್ಟ ದಿನಕ್ಕಿಂತ ಒಳ್ಳೆಯ ದಿನ ಹೆಚ್ಚಿವೆಯೇ ಎಂಬುದು, ಹೀಗೆ ಏಳಕ್ಕೂ ಹತ್ತರಲ್ಲಿ ಅಂಕ. ಒಟ್ಟು 35 ದಾಟಿದರೆ ಬದುಕು ಸಹನೀಯ ಎಂದು ಲೆಕ್ಕ. ನಾಯಿ ಬೆಕ್ಕಿಗೆ ಸರಿ. ಆಮೆಗೆ ಹಾಗೇ ಹಾಕಿದರೆ ಗಟ್ಟಿಮುಟ್ಟಾದ ಆಮೆಯೂ ಖುಷಿ ವಿಷಯದಲ್ಲಿ ಫೇಲಾದೀತು!

ಆದ್ದರಿಂದ ಮೊದಲು ಅದರ ಮೈ ಅದಕ್ಕೆ ಬೇಕಾದಷ್ಟು ಬೆಚ್ಚಗಾಗಲಿ, ಆಮೇಲೆ ನೋಡಿ. ಎಸಿ ಕೋಣೆಯ ಆಮೆಗಳೆಲ್ಲ ರೋಗಿಗಳಂತೆಯೇ ಕಾಣುತ್ತವೆ. ಬೆಚ್ಚಗಾದ ಮೇಲೆ ಕಣ್ಣು ಪೂರ್ತಿ ತೆರೆಯುತ್ತದೆಯೇ? ನಡೆಯುವಾಗ ಹೊಟ್ಟೆಯನ್ನು ನೆಲದಿಂದ ಎತ್ತುತ್ತದೆಯೇ, ಉಜ್ಜಿಕೊಂಡು ತೆವಳುತ್ತದೆಯೇ? ತಾನಾಗಿ ಬಿಸಿಲಿಗೆ ಹೋಗಿ, ತಾನಾಗಿ ನೆರಳಿಗೆ ಬರುತ್ತದೆಯೇ? ನನ್ನ ಮಟ್ಟಿಗೆ ಈ ಕೊನೆಯದೇ ದೊಡ್ಡದು. ತನಗೆ ಬೇಕಾದದ್ದನ್ನು ಹುಡುಕಿ ಹೋಗುವ ಜೀವಕ್ಕೆ ಬದುಕಿನಲ್ಲಿ ಇನ್ನೂ ಆಸೆಯಿದೆ.

ಕಾಲದ ಅಳತೆಯೂ ಬೇರೆ. ಆಮೆ ವಾರಗಟ್ಟಲೆ ಉಪವಾಸ ಇರಬಲ್ಲದು, ಚಿಪ್ಪಿನ ಗಾಯ ಮಾಯಲು ವರ್ಷವೇ ಹಿಡಿದೀತು. ಇವತ್ತು ತಿನ್ನಲಿಲ್ಲ ಎಂದು ಗಾಬರಿ ಬೇಡ, ಇವತ್ತು ಒಂದೆಲೆ ತಿಂದಿತು ಎಂದು ಹಿಗ್ಗುವುದೂ ಬೇಡ. ಕೋಲ್ಕತ್ತದ ಆಲಿಪುರ ಮೃಗಾಲಯದ ಮುದಿ ಆಮೆ ಅದ್ವೈತನ ಚಿಪ್ಪು 2005ರ ಕೊನೆಗೆ ಬಿರುಕುಬಿಟ್ಟು ಒಳಗೆ ಗಾಯವಾಯಿತು. ತಿಂಗಳುಗಳ ನಂತರ, 2006ರ ಮಾರ್ಚ್‌ನಲ್ಲಿ ಸತ್ತಿತು. ಇನ್ನೊಂದು ಕಡೆ ಸೇಂಟ್ ಹೆಲೆನಾ ದ್ವೀಪದ ಜೊನಾಥನ್. 1832ರ ಸುಮಾರಿಗೆ ಹುಟ್ಟಿದ್ದೆಂದು ಅಂದಾಜು. ಮುಪ್ಪಿನಲ್ಲಿ ಕಣ್ಣು ಹೋಯಿತು, ಮೂಗು ಹೋಯಿತು, ಮೇವು ಕಾಣದೆ ಸೊರಗಿತು. ವಾರಕ್ಕೊಮ್ಮೆ ಕೈಯಾರೆ ಹಣ್ಣು ತರಕಾರಿ ತಿನ್ನಿಸತೊಡಗಿದ ಮೇಲೆ ಮೊಂಡಾಗಿದ್ದ ಕೊಕ್ಕು ಮತ್ತೆ ಹರಿತವಾಯಿತು. ಕುರುಡು ಎಂಬ ಒಂದೇ ಕಾರಣಕ್ಕೆ ಅದರ ಬದುಕಿಗೆ ಸೊನ್ನೆ ಹಾಕಿದ್ದರೆ?

ಹಾಗಾದರೆ ಎಂದೂ ಸೂಜಿ ಹಾಕಿಸಬಾರದೇ? "ಪಾಪ ಬರುತ್ತೆ" ಎನ್ನುವ ಹಿರಿಯರು ನಮ್ಮಲ್ಲಿದ್ದಾರೆ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ವಾಸಿಯಾಗದೆ ಒದ್ದಾಡುತ್ತಿದ್ದ ಕರುವಿಗೆ ಗಾಂಧೀಜಿ ತಾವೇ ಎದುರು ನಿಂತು ಇಂಜೆಕ್ಷನ್ ಕೊಡಿಸಿದರು. ಸಿಟ್ಟಿನ ಕಾಗದಗಳು ರಾಶಿ ಬಂದವು; ಅವರು ಅದನ್ನು ಅಹಿಂಸೆಯೆಂದೇ ಸಮರ್ಥಿಸಿಕೊಂಡರು. ಕರುವಿನ ನೋವು ಎಲ್ಲರಿಗೂ ಕಾಣುತ್ತಿತ್ತು, ಆಮೆಯದು ಕಾಣುವುದಿಲ್ಲ. ಅಷ್ಟಕ್ಕೇ ಅದು ಸಣ್ಣ ನೋವಾಗಿಬಿಡುತ್ತದೆಯೇ?

ನಿರ್ಧಾರವಾದರೆ ಕೆಲಸ ಸರೀಸೃಪ ಬಲ್ಲ ವೈದ್ಯರದೇ. ಮಿದುಳಿಗೆ ರಕ್ತ ನಿಂತ ಮೇಲೂ ಆಮೆಯ ಹೃದಯ ಬಹಳ ಹೊತ್ತು ಬಡಿಯುತ್ತಿರುತ್ತದೆ. ಮೊದಲು ಪ್ರಜ್ಞೆ ತಪ್ಪಿಸಿ, ಆಮೇಲೆ ಮದ್ದು ಕೊಟ್ಟು, ಸತ್ತದ್ದನ್ನು ಖಚಿತ ಮಾಡಿಕೊಳ್ಳಬೇಕು. ಫ್ರೀಜರಿನಲ್ಲಿಟ್ಟರೆ ನಿದ್ದೆಯಲ್ಲೇ ಹೋಗುತ್ತದೆ ಎಂಬ ಮಾತು ನಂಬಬೇಡಿ, ಅದು ಕ್ರೌರ್ಯ. ಊರಿಗೆ ಹೊರಡುವಾಗ ವಾದಿಯಲ್ಲಿ ಬಿಟ್ಟುಬರುವುದೂ, ಖುರುಮ್ ಬೀಚಿನಲ್ಲಿ "ಅದರ ಮನೆಗೆ" ಬಿಡುವುದೂ ಅಷ್ಟೇ. ರಾಸ್ ಅಲ್ ಜಿನ್ಸ್‌ನಲ್ಲಿ ಮೊಟ್ಟೆಯಿಡುವುದು ಕಡಲಾಮೆ. ನೆಲದಾಮೆ ಸಮುದ್ರದಲ್ಲಿ ಮುಳುಗಿ ಸಾಯುತ್ತದೆ. ಊರಿಗೆ ಒಯ್ಯುತ್ತೇವೆಂದರೆ ಸುಲ್ಕಾಟಾಕ್ಕೆ ಅಂತರರಾಷ್ಟ್ರೀಯ ಪರವಾನಗಿ ಬೇಕು, ಸೂಟ್‌ಕೇಸಿನಲ್ಲಿ ಸಾಗಿಸುವ ಮಾತಲ್ಲ.

ಘುಬ್ರಾದ ಒಂದು ಮನೆಯ ಆಮೆಗೆ ಮೂತ್ರಪಿಂಡದ ತೊಂದರೆ. ಮಗ ಓದಲು ಮೈಸೂರಿಗೆ ಹೋದ ಮೇಲೆ ಆರೈಕೆ ತಾಯಿಯ ಪಾಲಿಗೆ ಬಂತು. ದಿನವೂ ಬೋಗುಣಿಯಲ್ಲಿ ಉಗುರುಬೆಚ್ಚಗಿನ ನೀರಿನ ಸ್ನಾನ, ಶುಕ್ರವಾರ ಅಡುಗೆಮನೆ ತಕ್ಕಡಿಯಲ್ಲಿ ತೂಕ. ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಮೇಲೆ ಒಳ್ಳೆಯ ದಿನಕ್ಕೆ ಟಿಕ್, ಕೆಟ್ಟ ದಿನಕ್ಕೆ ಸೊನ್ನೆ. ಎರಡು ತಿಂಗಳು ಸತತ ಸೊನ್ನೆಗಳೇ ಹೆಚ್ಚಾದರೆ ಡಾಕ್ಟರಿಗೆ ಫೋನ್ ಮಾಡುವುದೆಂದು ಮೂವರೂ ಕೂಡಿ ಮೊದಲೇ ಒಪ್ಪಿಕೊಂಡಿದ್ದಾರೆ. ಹೋದ ತಿಂಗಳು 18 ಟಿಕ್ ಬಿದ್ದಿದ್ದವು. ಮಗ ಫೋನ್ ಮಾಡಿದಾಗ ಊಟ ಆಯಿತಾ ಎನ್ನುವ ಮೊದಲು ಅದನ್ನೇ ಕೇಳುತ್ತಾನಂತೆ.